ಮತದ ಲೆಕ್ಕ, ತತ್ವದ ಲೆಕ್ಕ: ಅಮೆರಿಕದ ರಾಜಕಾರಣಿಯ ಮತದಾನ ದಾಖಲೆ ಎಷ್ಟು ಲಿಬರ್ಟೇರಿಯನ್ ಎಂದು ಅಳೆಯುವ ಸಮಗ್ರ ಮಾರ್ಗದರ್ಶಿ

2013ರ ಜುಲೈ 24ರಂದು ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಒಂದು ತಿದ್ದುಪಡಿ 205–217 ಮತಗಳಿಂದ ಬಿದ್ದುಹೋಯಿತು. ಜನಸಾಮಾನ್ಯರ ಫೋನ್ ಕರೆಗಳ ವಿವರವನ್ನು ಸಗಟಾಗಿ ಕಲೆಹಾಕುತ್ತಿದ್ದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎಯ ಕಾರ್ಯಕ್ರಮಕ್ಕೆ ಹಣ ನಿಲ್ಲಿಸಬೇಕು ಎನ್ನುವುದು ಅದರ ಸಾರ. ತಂದವರು ಮಿಷಿಗನ್‌ನ ಇಬ್ಬರು: ರಿಪಬ್ಲಿಕನ್ ಪಕ್ಷದ ಜಸ್ಟಿನ್ ಅಮಾಶ್, ಡೆಮಾಕ್ರಾಟಿಕ್ ಪಕ್ಷದ ಜಾನ್ ಕಾನ್ಯರ್ಸ್. ಪರವಾಗಿ 94 ರಿಪಬ್ಲಿಕನ್ನರು, 111 ಡೆಮಾಕ್ರಾಟರು; ವಿರೋಧವಾಗಿ 134 ರಿಪಬ್ಲಿಕನ್ನರು, 83 ಡೆಮಾಕ್ರಾಟರು. ದಿನ ಬೆಳಗಾದರೆ ಜಗಳವಾಡುತ್ತಿದ್ದ ಎರಡು ಪಕ್ಷಗಳ ನಾಯಕರು, ರಿಪಬ್ಲಿಕನ್ ಸ್ಪೀಕರ್ ಜಾನ್ ಬೇನರ್ ಮತ್ತು ಡೆಮಾಕ್ರಾಟರ ನ್ಯಾನ್ಸಿ ಪೆಲೋಸಿ, ಅಂದು ಒಂದೇ ಕಡೆ ನಿಂತು 'ಬೇಡ' ಎಂದರು.

ಎಡ-ಬಲ ಎಂಬ ಒಂದೇ ಗೆರೆಯ ಮೇಲೆ ಎಲ್ಲರನ್ನೂ ಕೂರಿಸುವವರಿಗೆ ಈ ಮತದಾನ ಅರ್ಥವಾಗುವುದಿಲ್ಲ. ವ್ಯಕ್ತಿಸ್ವಾತಂತ್ರ್ಯ ಮತ್ತು ಸರ್ಕಾರದ ಅಧಿಕಾರ ಎಂಬ ಇನ್ನೊಂದು ಗೆರೆ ಎಳೆದರೆ ತಟ್ಟನೆ ಅರ್ಥವಾಗುತ್ತದೆ. ಆ ಗೆರೆಯಲ್ಲಿ ಸ್ವಾತಂತ್ರ್ಯದ ತುದಿಗೆ ನಿಲ್ಲುವವರೇ ಲಿಬರ್ಟೇರಿಯನ್ನರು. ಮುಖ್ಯವಾಹಿನಿಯ ರಾಜಕಾರಣಿಯೊಬ್ಬರು "ನಾನು ಸಣ್ಣ ಸರ್ಕಾರದ ಪರ", "ನಾನು ಸ್ವಾತಂತ್ರ್ಯದ ಪರ" ಎಂದಾಗ ಆ ಮಾತನ್ನು ಅವರದೇ ಮತಗಳ ಎದುರಿಟ್ಟು ನೋಡುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ. ನಮ್ಮ ಓದುಗರಿಗೆ ಮೊದಲೇ ಒಂದು ಮಾತು: ಈ ಲೇಖನದಲ್ಲಿ ಕಾಂಗ್ರೆಸ್ ಎಂದರೆ ಪಕ್ಷವಲ್ಲ, 435 ಸದಸ್ಯರ ಪ್ರತಿನಿಧಿ ಸಭೆ ಮತ್ತು 100 ಸದಸ್ಯರ ಸೆನೆಟ್ ಸೇರಿದ ಅಮೆರಿಕದ ಸಂಸತ್ತು.

ಹಂತ 1: ಮತ ನೋಡುವ ಮೊದಲು ತತ್ವವನ್ನು ಬರೆದಿಡಿ

ಬಹುತೇಕರು ತಪ್ಪುವುದು ಇಲ್ಲೇ. ಮೊದಲು ರಾಜಕಾರಣಿಯ ಮತಗಳನ್ನು ನೋಡುತ್ತಾರೆ, ಆಮೇಲೆ ಅವಕ್ಕೆ ಹೊಂದುವ ತತ್ವವನ್ನು ಹೊಲಿದುಕೊಳ್ಳುತ್ತಾರೆ. ಇಷ್ಟದ ನಾಯಕನಾದರೆ ಅಂಗಿ ಸರಿಯಾಗಿಯೇ ಕೂರುತ್ತದೆ.

ಲಿಬರ್ಟೇರಿಯನ್ ವಾದದ ತಿರುಳು ಸರಳ: ಇನ್ನೊಬ್ಬರ ದೇಹದ ಮೇಲೆ, ಆಸ್ತಿಯ ಮೇಲೆ ಬಲಪ್ರಯೋಗವನ್ನು ಮೊದಲು ಆರಂಭಿಸಬಾರದು, ಈ ನಿಯಮ ಸರ್ಕಾರಕ್ಕೂ ಅನ್ವಯಿಸುತ್ತದೆ. ಇದರಿಂದ ಹೊರಡುವ ನಿಲುವುಗಳನ್ನು ನಾಲ್ಕು ಬುಟ್ಟಿಗಳಲ್ಲಿ ಹಾಕಿಕೊಳ್ಳುವುದು ನನ್ನ ರೂಢಿ. ಒಂದು, ಹಣ: ತೆರಿಗೆ, ವೆಚ್ಚ, ಸಾಲ, ಮುಳುಗುತ್ತಿರುವ ಕಂಪನಿಗಳಿಗೆ ಸರ್ಕಾರಿ ನೆರವು. ಎರಡು, ವ್ಯಾಪಾರ ಮತ್ತು ನಿಯಂತ್ರಣ: ಸುಂಕ, ಸಬ್ಸಿಡಿ, ಪರವಾನಗಿ. ಮೂರು, ವ್ಯಕ್ತಿಯ ಸ್ವಾತಂತ್ರ್ಯ: ಬೇಹುಗಾರಿಕೆ, ವಿಚಾರಣೆಯಿಲ್ಲದ ಬಂಧನ, ಮಾದಕವಸ್ತು ಕಾನೂನು, ಮಾತಿನ ಹಕ್ಕು, ಮದುವೆ. ನಾಲ್ಕು, ಯುದ್ಧ ಮತ್ತು ವಿದೇಶಾಂಗ.

ನಾಲ್ಕೂ ಬೇಕೇ ಬೇಕು. 1971ರಲ್ಲಿ ಲಿಬರ್ಟೇರಿಯನ್ ಪಕ್ಷ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಒಬ್ಬರಾಗಿದ್ದ ಡೇವಿಡ್ ನೋಲನ್ ಒಂದು ನಕ್ಷೆ ರೂಪಿಸಿದ್ದರು. ಒಂದು ಅಕ್ಷದಲ್ಲಿ ಆರ್ಥಿಕ ಸ್ವಾತಂತ್ರ್ಯ, ಇನ್ನೊಂದರಲ್ಲಿ ವೈಯಕ್ತಿಕ ಸ್ವಾತಂತ್ರ್ಯ. ಎರಡರಲ್ಲೂ ಮೇಲಿರುವವನೇ ಲಿಬರ್ಟೇರಿಯನ್. ತೆರಿಗೆ ಇಳಿಸಲು ಕೈಯೆತ್ತಿ, ಮರುದಿನ ವಾರಂಟ್ ಇಲ್ಲದ ತಪಾಸಣೆಗೂ ಕೈಯೆತ್ತುವವರು ಆ ನಕ್ಷೆಯಲ್ಲಿ ಬೇರೆಯೇ ಮೂಲೆಗೆ ಹೋಗುತ್ತಾರೆ.

ಬುಟ್ಟಿಗಳ ಪಕ್ಕದಲ್ಲಿ ಐದನೆಯ ಹಾಳೆಯೊಂದನ್ನು ಇಡಿ. ಅದಕ್ಕೆ 'ವಿವಾದಿತ' ಎಂದು ಹೆಸರು ಬರೆಯಿರಿ. ಗರ್ಭಪಾತ, ವಲಸೆ, ವ್ಯಾಪಾರ ಒಪ್ಪಂದ, ಬೌದ್ಧಿಕ ಆಸ್ತಿ ಇವುಗಳಲ್ಲಿ ಲಿಬರ್ಟೇರಿಯನ್ನರೇ ಒಮ್ಮತಕ್ಕೆ ಬಂದಿಲ್ಲ. ಗರ್ಭಪಾತದ ವಿಷಯದಲ್ಲಿ ಸರ್ಕಾರ ದೂರ ಇರಬೇಕು ಎನ್ನುತ್ತಿದ್ದ ಕಲಮನ್ನು 2022ರ ರೀನೋ ಸಮಾವೇಶದಲ್ಲಿ ಆ ಪಕ್ಷವೇ ತನ್ನ ಕಾರ್ಯಸೂಚಿಯಿಂದ ತೆಗೆದುಹಾಕಿತು. ಇಂಥ ವಿಷಯದ ಮತಗಳನ್ನು ಮುಖ್ಯ ಲೆಕ್ಕಕ್ಕೆ ಸೇರಿಸಿದರೆ ನೀವು ಅಳೆಯುವುದು ತತ್ವವನ್ನಲ್ಲ, ನಿಮ್ಮ ಸ್ವಂತ ಅಭಿಪ್ರಾಯವನ್ನು. ಬೇರೆಯಾಗಿ ತೋರಿಸಿ, ತೀರ್ಪನ್ನು ಓದುಗರಿಗೆ ಬಿಡಿ.

ಹಂತ 2: ಅವಧಿಯನ್ನು ಆರಿಸಿ, ಎರಡು ಋತುಗಳನ್ನೂ ಸೇರಿಸಿ

ಒಬ್ಬ ಸದಸ್ಯರ ಒಂದು ವರ್ಷದ ದಾಖಲೆ ಸಾಲದು. ತಮ್ಮ ಪಕ್ಷದ ಅಧ್ಯಕ್ಷ ಶ್ವೇತಭವನದಲ್ಲಿದ್ದ ಕಾಲ ಒಂದು, ಎದುರು ಪಕ್ಷದವರಿದ್ದ ಕಾಲ ಇನ್ನೊಂದು; ಎರಡೂ ಬೇಕು. ವಿರೋಧಪಕ್ಷದಲ್ಲಿದ್ದಾಗ ಮಿತವ್ಯಯದ ಮಾತಾಡುವುದು ಯಾರಿಗೂ ಕಷ್ಟವಲ್ಲ. 2006ರ ಮಾರ್ಚ್‌ನಲ್ಲಿ ಸರ್ಕಾರ ಮಾಡಬಹುದಾದ ಸಾಲದ ಮಿತಿ ಏರಿಸುವ ಪ್ರಸ್ತಾಪ ಸೆನೆಟ್‌ನಲ್ಲಿ 52–48ರಲ್ಲಿ ಗೆದ್ದಾಗ ವಿರೋಧಿಸಿದವರಲ್ಲಿ ಸೆನೆಟರ್ ಬರಾಕ್ ಒಬಾಮ ಕೂಡ ಇದ್ದರು. ಅಧ್ಯಕ್ಷರಾದ ಮೇಲೆ ಅದೇ ಮಿತಿಯನ್ನು ಏರಿಸಿಕೊಡಿ ಎಂದು ಕೇಳಬೇಕಾಯಿತು. ಆ ಹಳೆಯ ಮತ ತಪ್ಪಾಗಿತ್ತು ಎಂದು ಅವರೇ ಒಪ್ಪಿಕೊಂಡರು. ಆ ಒಂದು ಮತವನ್ನಷ್ಟೇ ನೋಡಿದವರು ಅವರನ್ನು ಸಾಲದ ವೈರಿ ಎಂದುಕೊಳ್ಳುತ್ತಿದ್ದರು. ಕನಿಷ್ಠ ಎಂಟು ವರ್ಷದ ದಾಖಲೆ ತೆಗೆದುಕೊಳ್ಳಿ.

ಹಂತ 3: ದಾಖಲೆಯನ್ನು ಮೂಲದಿಂದ ಸಂಗ್ರಹಿಸಿ

ಪ್ರತಿನಿಧಿ ಸಭೆಯ ಹೆಸರುವಾರು ಮತಗಳು ಆ ಸಭೆಯ ಕ್ಲರ್ಕ್ ಕಚೇರಿಯ ತಾಣದಲ್ಲಿವೆ. ಸೆನೆಟ್‌ನವು ಸೆನೆಟ್ ತಾಣದಲ್ಲಿವೆ. ಮಸೂದೆಯ ಪಠ್ಯ, ತಿದ್ದುಪಡಿಗಳು, ಸಹಪ್ರಾಯೋಜಕರ ಪಟ್ಟಿ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ತಾಣದಲ್ಲಿ ಸಿಗುತ್ತವೆ. ಹುಡುಕಾಟಕ್ಕೆ ಗವ್‌ಟ್ರ್ಯಾಕ್ ತಾಣ ಅನುಕೂಲ. 1789ರಿಂದ ಈಚಿನ ಎಲ್ಲ ಹೆಸರುವಾರು ಮತಗಳೂ ಒಂದೇ ಕಡತದಲ್ಲಿ ಬೇಕೆಂದರೆ ವೋಟ್‌ವ್ಯೂ ಇದೆ. ಎಲ್ಲವೂ ಉಚಿತ.

ಪ್ರತಿ ಮತದಾನದ ಎದುರು ನಾಲ್ಕು ಬಗೆಯ ನಮೂದು ಕಾಣುತ್ತದೆ: ಪರ, ವಿರೋಧ, 'ಹಾಜರ್', 'ಮತ ಹಾಕಿಲ್ಲ'. 'ಹಾಜರ್' ಎಂದರೆ ಸದನದಲ್ಲಿದ್ದು ಎರಡೂ ಕಡೆಗೆ ಸೇರದೆ ಉಳಿದದ್ದು. ಅಮಾಶ್ ಇದನ್ನು ಆಗಾಗ ಬಳಸುತ್ತಿದ್ದರು, ಏಕೆ ಎಂದು ಫೇಸ್‌ಬುಕ್‌ನಲ್ಲಿ ವಿವರಿಸುತ್ತಿದ್ದರು. ತಮ್ಮ ಪ್ರತಿಯೊಂದು ಮತಕ್ಕೂ ಕಾರಣ ಬರೆದಿಟ್ಟ ಅಂಥ ಸದಸ್ಯರು ಸಿಕ್ಕರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಗೈರುಹಾಜರಿಯನ್ನು ವಿರೋಧ ಎಂದು ಎಣಿಸಬೇಡಿ. ಆದರೆ ಬಿಗಿಯಾದ ಮತದಾನಗಳ ದಿನವೇ ಪದೇಪದೇ ಗೈರಾಗುವವರಿದ್ದರೆ ಅದನ್ನು ಬೇರೆಯಾಗಿ ಬರೆದುಕೊಳ್ಳಿ.

ಇನ್ನು ದಾಖಲೆಯೇ ಇಲ್ಲದ ಮತಗಳ ವಿಷಯ. ಇದು ನನ್ನನ್ನು ಬಹಳ ಕಾಡುವ ಸಂಗತಿ. ಎಷ್ಟೋ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಯಾರು ಹೌದೆಂದರು, ಯಾರು ಅಲ್ಲವೆಂದರು ಎಂಬುದು ಎಲ್ಲೂ ಉಳಿಯುವುದಿಲ್ಲ. ಹೆಸರುವಾರು ಮತ ಬೇಕೆಂದರೆ ಹಾಜರಿದ್ದವರಲ್ಲಿ ಐದನೇ ಒಂದು ಭಾಗ ಎದ್ದು ನಿಂತು ಕೇಳಬೇಕು ಎಂದು ಸಂವಿಧಾನ ಹೇಳುತ್ತದೆ. 2020ರ ಮಾರ್ಚ್ 27ರಂದು ಕೋವಿಡ್ ಪರಿಹಾರದ ಕೇರ್ಸ್ ಮಸೂದೆ, ಸುಮಾರು 2.2 ಲಕ್ಷ ಕೋಟಿ ಡಾಲರ್ ವೆಚ್ಚದ್ದು, ಪ್ರತಿನಿಧಿ ಸಭೆಗೆ ಬಂತು. ಕೆಂಟಕಿಯ ರಿಪಬ್ಲಿಕನ್ ಥಾಮಸ್ ಮ್ಯಾಸಿ ಹೆಸರುವಾರು ಮತ ಬೇಕೆಂದು ಎದ್ದರು. ಜೊತೆಗೆ ಎದ್ದು ನಿಲ್ಲುವವರ ಸಂಖ್ಯೆ ಸಾಲಲಿಲ್ಲ. ಮಸೂದೆ ಧ್ವನಿಮತದಲ್ಲಿ ಪಾಸಾಯಿತು. ಸೆನೆಟ್‌ನಲ್ಲಿ ಎರಡು ದಿನ ಮೊದಲು 96–0 ಎಂಬ ಲೆಕ್ಕವಾದರೂ ಇದೆ. ಪ್ರತಿನಿಧಿ ಸಭೆಯ ಒಬ್ಬ ಸದಸ್ಯರ ಬಗ್ಗೆಯೂ ಅಷ್ಟು ದೊಡ್ಡ ವೆಚ್ಚಕ್ಕೆ ಹೌದೆಂದರೋ ಅಲ್ಲವೆಂದರೋ ಎಂಬ ಅಧಿಕೃತ ನಮೂದು ಇಲ್ಲ. ನಿಮ್ಮ ವರದಿಯಲ್ಲಿ ಇಂಥ ಖಾಲಿ ಜಾಗಗಳನ್ನು ಮುಚ್ಚಿಡದೆ ತೋರಿಸಿ.

ಸ್ಪೀಕರ್ ಆದವರದ್ದು ಇನ್ನೊಂದು ತೊಡಕು. ವಾಡಿಕೆಯಂತೆ ಅವರು ಹೆಚ್ಚಾಗಿ ಮತ ಹಾಕುವುದಿಲ್ಲ. ಆದರೆ ಯಾವುದು ಸದನಕ್ಕೆ ಬರಬೇಕು, ಯಾವ ತಿದ್ದುಪಡಿಗೆ ಅವಕಾಶ ಕೊಡಬೇಕು ಎನ್ನುವುದರ ಮೇಲೆ ಅವರ ಹಿಡಿತವಿರುತ್ತದೆ. ಪಾಲ್ ರಾಯನ್ ಸ್ಪೀಕರ್ ಆಗಿದ್ದ 2017–18ರ ಕಾಂಗ್ರೆಸ್‌ನಲ್ಲಿ, ಯಾರು ಬೇಕಾದರೂ ತಿದ್ದುಪಡಿ ತರಬಹುದಾದ 'ಓಪನ್ ರೂಲ್' ಅಡಿ ಒಂದೇ ಒಂದು ಮಸೂದೆಯೂ ಚರ್ಚೆಗೆ ಬರಲಿಲ್ಲ. ನಾಯಕರನ್ನು ಅಳೆಯುವಾಗ ಹಾಕಿದ ಮತದಷ್ಟೇ, ಬಾರದಂತೆ ತಡೆದ ಮತವೂ ದಾಖಲೆಯೇ.

ಹಂತ 4: ಯಾವ ಮತಗಳನ್ನು ಎಣಿಸಬೇಕು

ಅಂಚೆ ಕಚೇರಿಗೆ ಹೆಸರಿಡುವ ಮಸೂದೆಗಳನ್ನು, ಸರ್ವಾನುಮತದ ಗೌರವ ನಿರ್ಣಯಗಳನ್ನು ಬಿಡಿ. (ಇದಕ್ಕೂ ಅಪವಾದವಿದೆ. 1999ರಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಅವರಿಗೆ ಚಿನ್ನದ ಪದಕ ಕೊಡುವ ಮಸೂದೆ 424–1ರಲ್ಲಿ ಗೆದ್ದಾಗ ಆ ಒಂದು ವಿರೋಧ ಟೆಕ್ಸಾಸ್‌ನ ರಾನ್ ಪಾಲ್ ಅವರದು. ತೆರಿಗೆದಾರರ ಹಣ ಬೇಡ, ನಾವೆಲ್ಲ ಕೈಯಿಂದ ತಲಾ 100 ಡಾಲರ್ ಹಾಕೋಣ ಎಂದರು. ಒಪ್ಪಿದರೂ ಬಿಟ್ಟರೂ, ತತ್ವವನ್ನು ಎಷ್ಟು ದೂರ ಒಯ್ಯುತ್ತಾರೆ ಎಂಬುದು ಅಲ್ಲಿ ಗೊತ್ತಾಗುತ್ತದೆ.)

ಪ್ರತಿ ಬುಟ್ಟಿಗೆ ಹತ್ತು-ಹನ್ನೆರಡರಂತೆ ಒಟ್ಟು 40ರಿಂದ 50 ಮತಗಳು ಸಾಕು. ಆಯ್ಕೆ ಮಾಡುವಾಗ ನಿಮ್ಮ ರಾಜಕಾರಣಿ ಹೇಗೆ ಮತ ಹಾಕಿದರು ಎಂಬುದನ್ನು ನೋಡಲೇಬೇಡಿ. ಪಟ್ಟಿ ಮುಗಿಸಿ, ದಿನಾಂಕ ಹಾಕಿ, ಆಮೇಲೆ ಹೆಸರು ಹುಡುಕಿ. ಈ ಒಂದು ಶಿಸ್ತು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ನೀರಿನ ಮೇಲಿನ ಬರಹ.

ಅಂತಿಮ ಮತಕ್ಕಿಂತ ತಿದ್ದುಪಡಿಗಳ ಮತವೇ ಹೆಚ್ಚು ಬೆಲೆಯದ್ದು. ಅಂತಿಮ ಮಸೂದೆಯಲ್ಲಿ ನೂರು ಸಂಗತಿ ಸೇರಿಕೊಂಡಿರುತ್ತವೆ. 2022ರ ಡಿಸೆಂಬರ್‌ನ ಒಟ್ಟುಗೂಡಿಸಿದ ವೆಚ್ಚದ ಮಸೂದೆ 4,155 ಪುಟಗಳಿತ್ತು. ಅದಕ್ಕೆ ಹೌದೆಂದವರು ಏನಕ್ಕೆ ಹೌದೆಂದರು? ಹೇಳಲಾಗದು. ತಿದ್ದುಪಡಿ ಒಂದೇ ಪ್ರಶ್ನೆ ಕೇಳುತ್ತದೆ. ವೈದ್ಯಕೀಯ ಗಾಂಜಾಕ್ಕೆ ಅವಕಾಶ ಕೊಟ್ಟ ರಾಜ್ಯಗಳಲ್ಲಿ ಕೇಂದ್ರದ ನ್ಯಾಯ ಇಲಾಖೆ ಹಣ ಖರ್ಚುಮಾಡಿ ಅಡ್ಡಿಪಡಿಸಬಾರದು ಎಂಬ ರೋರಬಾಕರ್–ಫಾರ್ ತಿದ್ದುಪಡಿ 2014ರ ಮೇ 30ರಂದು 219–189ರಲ್ಲಿ ಗೆದ್ದಿತು. ಅದರಲ್ಲಿ 49 ರಿಪಬ್ಲಿಕನ್ನರಿದ್ದರು. ವಿದೇಶಿ ಬೇಹುಗಾರಿಕೆಯ ಜಾಲದಲ್ಲಿ ಸಿಕ್ಕ ಅಮೆರಿಕನ್ನರ ಸಂದೇಶಗಳನ್ನು ಹುಡುಕಲು ವಾರಂಟ್ ಕಡ್ಡಾಯ ಮಾಡುವ ತಿದ್ದುಪಡಿ 2024ರ ಏಪ್ರಿಲ್ 12ರಂದು 212–212ಕ್ಕೆ ಬಂದು ನಿಂತಿತು. ಸಮ ಬಂದರೆ ಸೋಲು ಎಂಬುದು ಸದನದ ನಿಯಮ. ಅಂದು ವಿರೋಧ ಒತ್ತಿದ ಪ್ರತಿಯೊಬ್ಬ ಸದಸ್ಯರ ಮತವೂ ನಿರ್ಣಾಯಕವಾಗಿತ್ತು. ಇಂಥ ಮತ ಕಂಡರೆ ಕಣ್ಣುಮುಚ್ಚಿ ಪಟ್ಟಿಗೆ ಹಾಕಿ.

ಪುಕ್ಕಟೆ ಮತ ಮತ್ತು ಬೆಲೆ ತೆರಬೇಕಾದ ಮತ ಎಂಬ ಭೇದವನ್ನೂ ಗುರುತಿಸಿ. ಒಬಾಮ ಕಾಲದ ಆರೋಗ್ಯ ವಿಮೆ ಕಾನೂನಿನ ಮುಖ್ಯ ಭಾಗಗಳನ್ನು ರದ್ದುಮಾಡುವ ಮಸೂದೆಗೆ 2015ರ ಡಿಸೆಂಬರ್‌ನಲ್ಲಿ ಸೆನೆಟ್‌ನ ಬಹುತೇಕ ರಿಪಬ್ಲಿಕನ್ನರು ಹೌದೆಂದರು. ಒಬಾಮ ಅದನ್ನು ತಿರಸ್ಕರಿಸುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. 2016ರ ಜನವರಿಯಲ್ಲಿ ತಿರಸ್ಕರಿಸಿದರು. 2017ರ ಜುಲೈ 26ರಂದು, ಸಹಿ ಹಾಕಲು ಸಿದ್ಧರಿದ್ದ ಅಧ್ಯಕ್ಷರಿದ್ದಾಗ, ಹೆಚ್ಚುಕಡಿಮೆ ಅದೇ ರದ್ದತಿ ಸೆನೆಟ್‌ಗೆ ಬಂತು. 45–55ರಲ್ಲಿ ಸೋತಿತು. ವಿರೋಧಿಸಿದ ಏಳು ರಿಪಬ್ಲಿಕನ್ನರಲ್ಲಿ ಆರು ಮಂದಿ 2015ರಲ್ಲಿ ಹೌದೆಂದಿದ್ದವರು. ಎರಡರಲ್ಲಿ ಯಾವುದು ಅವರ ನಿಜವಾದ ನಿಲುವು? ನಾನಾದರೆ ಎರಡನೆಯದಕ್ಕೇ ತೂಕ ಕೊಡುತ್ತೇನೆ. ಗೆಲ್ಲುವ ಸಾಧ್ಯತೆ ಇದ್ದ ಮತಕ್ಕೆ ಎರಡು ಅಂಕ, ಪ್ರದರ್ಶನದ ಮತಕ್ಕೆ ಒಂದು ಅಂಕ ಎಂದು ಇಟ್ಟುಕೊಂಡರೂ ಆದೀತು.

ಹಂತ 5: 'ಬೇಡ' ಎಂದದ್ದು ಏಕೆ ಎಂದು ಕೇಳಿ

ಮಸೂದೆಯ ಹೆಸರನ್ನು ನಂಬಬೇಡಿ. 2001ರ ಪೇಟ್ರಿಯಟ್ ಕಾಯ್ದೆಯ ಹೆಸರಿನಲ್ಲಿ ದೇಶಭಕ್ತಿ ಇದೆ, ಒಳಗೆ ಇರುವುದು ಸರ್ಕಾರದ ತಪಾಸಣಾ ಅಧಿಕಾರದ ವಿಸ್ತರಣೆ. ಸೆನೆಟ್‌ನಲ್ಲಿ ಅದು 98–1ರಲ್ಲಿ ಗೆದ್ದಾಗ ವಿರೋಧಿಸಿದ ಆ ಒಬ್ಬರು ವಿಸ್ಕಾನ್ಸಿನ್‌ನ ಡೆಮಾಕ್ರಾಟ್ ರಸ್ ಫೈನ್‌ಗೋಲ್ಡ್.

ಇದಕ್ಕಿಂತ ಸೂಕ್ಷ್ಮವಾದದ್ದು 'ಸಾಲದು' ಎಂಬ ಕಾರಣದ ವಿರೋಧ. 2015ರ ಮೇ 13ರಂದು ಪ್ರತಿನಿಧಿ ಸಭೆ 338–88ರಲ್ಲಿ ಪಾಸುಮಾಡಿದ ಯುಎಸ್ಎ ಫ್ರೀಡಂ ಕಾಯ್ದೆ ಫೋನ್ ವಿವರಗಳ ಸಗಟು ಸಂಗ್ರಹಕ್ಕೆ ಕಡಿವಾಣ ಹಾಕಿತು. ಅಮಾಶ್, ಮ್ಯಾಸಿ ಇಬ್ಬರೂ ವಿರೋಧಿಸಿದರು. ಸೆನೆಟ್‌ನಲ್ಲಿ ರ್‍ಯಾಂಡ್ ಪಾಲ್ (ರಾನ್ ಪಾಲ್ ಅವರ ಮಗ) ಕೂಡ. ಕಡಿವಾಣ ಸಡಿಲವಾಗಿದೆ, ಪೇಟ್ರಿಯಟ್ ಕಾಯ್ದೆಯ ಅವಧಿ ಮುಗಿಯುತ್ತಿರುವಾಗ ಅದಕ್ಕೆ ಮತ್ತೆ ಜೀವ ಕೊಡುತ್ತಿದೆ ಎಂಬುದು ಅವರ ಆಕ್ಷೇಪ. ಅದೇ ಮಸೂದೆಯನ್ನು, ಬೇಹುಗಾರರ ಕೈ ಕಟ್ಟುತ್ತದೆ ಎಂದು ವಿರೋಧಿಸಿದವರೂ ಇದ್ದರು. ಒತ್ತಿದ ಗುಂಡಿ ಒಂದೇ, ಕಾರಣ ತದ್ವಿರುದ್ಧ.

ಕಂಪ್ಯೂಟರ್ ಲೆಕ್ಕ ಎಡವುವುದು ಇಲ್ಲೇ. ಕೀತ್ ಪೂಲ್ ಮತ್ತು ಹೋವರ್ಡ್ ರೋಸೆಂತಾಲ್ ರೂಪಿಸಿದ ನಾಮಿನೇಟ್ ಅಂಕ, ವೋಟ್‌ವ್ಯೂ ತಾಣದಲ್ಲಿ ಸಿಗುವಂಥದ್ದು, ಯಾರು ಯಾರೊಡನೆ ಸೇರಿ ಮತ ಹಾಕುತ್ತಾರೆ ಎಂಬುದನ್ನು ಅಳೆಯುತ್ತದೆ. ಏಕೆ ಹಾಕುತ್ತಾರೆ ಎಂಬುದು ಅದಕ್ಕೆ ಕಾಣದು. 2021ರ ನವೆಂಬರ್ 5ರಂದು ಮೂಲಸೌಕರ್ಯ ಮಸೂದೆ 228–206ರಲ್ಲಿ ಪಾಸಾದಾಗ ಎಡಪಂಥದ ಆರು ಡೆಮಾಕ್ರಾಟರೂ, ಮ್ಯಾಸಿಯೂ 'ಬೇಡ' ಎಂದವರ ಸಾಲಿನಲ್ಲಿದ್ದರು. ಮೊದಲಿನವರು ಸಾಮಾಜಿಕ ವೆಚ್ಚದ ಇನ್ನೂ ದೊಡ್ಡ ಮಸೂದೆ ಜೊತೆಗೇ ಬರಬೇಕೆಂದರು, ಮ್ಯಾಸಿಗೆ ಇದೇ ಹೆಚ್ಚಾಗಿತ್ತು. ಅಂಕಗಳ ಲೆಕ್ಕದಲ್ಲಿ ಇಬ್ಬರೂ ಒಂದೇ ಕಡೆ. ಆ ಅಂಕ ಉಪಯುಕ್ತವೇ, ಆದರೆ ತತ್ವದ ಅಳತೆಗೋಲಾಗಿ ಅದನ್ನು ಬಳಸಬೇಡಿ.

ಹಾಗಾಗಿ ಅನುಮಾನ ಬಂದ ಪ್ರತಿ 'ಬೇಡ'ಕ್ಕೂ ಸದಸ್ಯರ ಹೇಳಿಕೆ ಹುಡುಕಿ. ಸದನದಲ್ಲಿ ಆಡಿದ ಮಾತು ಕಾಂಗ್ರೆಷನಲ್ ರೆಕಾರ್ಡ್‌ನಲ್ಲಿ ಇರುತ್ತದೆ. ಸಾಲದು ಎಂಬ ವಿರೋಧಕ್ಕೆ ಹೇಳಿಕೆಯ ಆಧಾರ ಸಿಕ್ಕರೆ ತತ್ವದ ಕಡೆಗೆ ಬರೆಯಿರಿ. ಸಿಗದಿದ್ದರೆ 'ವಿವಾದಿತ' ಹಾಳೆಗೆ ಹಾಕಿ.

ಹಂತ 6: ಪಕ್ಷದ ಲೆಕ್ಕವನ್ನು ಕಳೆಯಿರಿ

ಈ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಸಂಘಟನೆಗಳು ಹೊರಡಿಸುವ ಅಂಕಪಟ್ಟಿಗಳಲ್ಲಿ ಒಬ್ಬರಿಗೆ ಶೇ 90, ಇನ್ನೊಬ್ಬರಿಗೆ ಶೇ 15 ಎಂದು ಇರುತ್ತದೆ. ಆ ಅಂಕದ ಬಹುಪಾಲು ಹೇಳುವುದು ಆ ವ್ಯಕ್ತಿ ಯಾವ ಪಕ್ಷದವರು ಎಂಬುದನ್ನು, ಅಷ್ಟೇ. ತೆರಿಗೆ ಮತ್ತು ವೆಚ್ಚವನ್ನು ಮಾತ್ರ ಎಣಿಸುವ ಸಂಘಟನೆಗೆ ರಿಪಬ್ಲಿಕನ್ನರೆಲ್ಲ ಸ್ವಾತಂತ್ರ್ಯವೀರರು. ನಾಗರಿಕ ಹಕ್ಕುಗಳನ್ನು ಮಾತ್ರ ಎಣಿಸುವ ಸಂಘಟನೆಗೆ ಡೆಮಾಕ್ರಾಟರೆಲ್ಲ. 2001ರ ಬುಷ್ ತೆರಿಗೆ ಕಡಿತ 240–154ರಲ್ಲಿ ಅಂತಿಮವಾಗಿ ಪಾಸಾದಾಗ ಪ್ರತಿನಿಧಿ ಸಭೆಯ ಒಬ್ಬ ರಿಪಬ್ಲಿಕನ್ ಕೂಡ ವಿರೋಧಿಸಲಿಲ್ಲ. ರಿಪಬ್ಲಿಕನ್ ಸದಸ್ಯರೊಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಲು ಆ ಮತ ಕಿಂಚಿತ್ತೂ ನೆರವಾಗದು.

ಆದ್ದರಿಂದ ಪ್ರತಿ ಮತದ ಎದುರು ಇನ್ನೊಂದು ಕಲಂ ಬರೆಯಿರಿ: ಆ ಸದಸ್ಯರ ಪಕ್ಷದ ಬಹುಮತ ಯಾವ ಕಡೆ ಹೋಯಿತು? ನಂತರ ಪಟ್ಟಿಯನ್ನು ಎರಡು ಭಾಗ ಮಾಡಿ. ಪಕ್ಷ ಮತ್ತು ತತ್ವ ಒಂದೇ ಕಡೆಗಿದ್ದ ಮತಗಳು ಒಂದು ಭಾಗ. ಪಕ್ಷ ಒಂದು ಕಡೆ, ತತ್ವ ಇನ್ನೊಂದು ಕಡೆ ಎಳೆದ ಮತಗಳು ಇನ್ನೊಂದು.

ಒಂದು ಕಲ್ಪಿತ ಲೆಕ್ಕ ನೋಡಿ. 40 ಮತಗಳಲ್ಲಿ 26ರಲ್ಲಿ ಪಕ್ಷ ಮತ್ತು ತತ್ವ ಜೊತೆಗಿವೆ, 14ರಲ್ಲಿ ಬೇರೆಯಾಗಿವೆ ಎನ್ನೋಣ. ಕಣ್ಣುಮುಚ್ಚಿ ಪಕ್ಷದ ಹಿಂದೆ ಹೋದವರಿಗೂ 26 ಸಿಗುತ್ತದೆ, ಅಂದರೆ ಶೇ 65. ಮೊದಲನೆಯ ಸದಸ್ಯರು ಆ 26ರ ಜೊತೆಗೆ ಉಳಿದ 14ರಲ್ಲಿ ಒಂದನ್ನು ಗಳಿಸುತ್ತಾರೆ, ಒಟ್ಟು 27. ಎರಡನೆಯವರು 26ರಲ್ಲಿ 20, 14ರಲ್ಲಿ 7. ಒಟ್ಟು ಅದೇ 27. ಅಂಕಪಟ್ಟಿಯಲ್ಲಿ ಇಬ್ಬರೂ ಶೇ 67.5. ಆದರೆ ತತ್ವಕ್ಕಾಗಿ ಪಕ್ಷವನ್ನು ಎದುರು ಹಾಕಿಕೊಳ್ಳಬೇಕಾದ ದಿನಗಳಲ್ಲಿ ಒಬ್ಬರು ಹದಿನಾಲ್ಕಕ್ಕೆ ಒಮ್ಮೆ ನಿಂತರು, ಇನ್ನೊಬ್ಬರು ಅರ್ಧದಷ್ಟು ಸಲ ನಿಂತರು. ನನಗೆ ಬೇಕಾದದ್ದು ಈ ಎರಡನೆಯ ಸಂಖ್ಯೆ. ನಿಮ್ಮ ವರದಿಯ ಮೊದಲ ಸಾಲಿನಲ್ಲೂ ಇದೇ ಇರಲಿ.

ಹಂತ 7: ನಿಜವಾದ ದಾಖಲೆಯ ಮೇಲೆ ಒಮ್ಮೆ ಮಾಡಿ ನೋಡೋಣ

ವಿಸ್ಕಾನ್ಸಿನ್‌ನ ಪಾಲ್ ರಾಯನ್ ಅವರನ್ನು ತೆಗೆದುಕೊಳ್ಳೋಣ. 1999ರಿಂದ 20 ವರ್ಷ ಪ್ರತಿನಿಧಿ ಸಭೆಯಲ್ಲಿದ್ದವರು, 2012ರಲ್ಲಿ ಉಪಾಧ್ಯಕ್ಷ ಅಭ್ಯರ್ಥಿ, ಕೊನೆಗೆ ಸ್ಪೀಕರ್. ವ್ಯಕ್ತಿವಾದಿ ಕಾದಂಬರಿಕಾರ್ತಿ ಐನ್ ರ್‍ಯಾಂಡ್ ಬರಹಗಳಿಂದ ಪ್ರಭಾವಿತನಾದೆ ಎಂದು ಒಂದು ಕಾಲದಲ್ಲಿ ಹೇಳಿಕೊಂಡಿದ್ದವರು. ಹೋಲಿಕೆಗೆ ಅದೇ ಪಕ್ಷದ, ಅದೇ ಕಾಲದ ರಾನ್ ಪಾಲ್ ಇರಲಿ. 1988ರಲ್ಲಿ ಲಿಬರ್ಟೇರಿಯನ್ ಪಕ್ಷದಿಂದಲೇ ಅಧ್ಯಕ್ಷ ಸ್ಥಾನಕ್ಕೆ ನಿಂತವರು. ಅವಧಿ 2001ರಿಂದ 2008. ಎರಡು ಋತುಗಳ ನಿಯಮವನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ: ತಮ್ಮದೇ ಪಕ್ಷದ ಅಧ್ಯಕ್ಷರಿದ್ದ ಕಾಲದ ಒತ್ತಡ ಹೇಗಿರುತ್ತದೆ ಎಂದು ತೋರಿಸುವುದು ಉದ್ದೇಶ.

ತೆರಿಗೆ ಕಡಿತ, 2001: ಇಬ್ಬರೂ ಹೌದು. ಇದು ಮೊದಲ ಭಾಗಕ್ಕೆ ಸೇರುತ್ತದೆ, ಬಿಡಿ.

ಪೇಟ್ರಿಯಟ್ ಕಾಯ್ದೆ, 2001, 357–66: ರಾಯನ್ ಹೌದು, ರಾನ್ ಪಾಲ್ ಬೇಡ. ಶಾಲಾ ಶಿಕ್ಷಣದಲ್ಲಿ ಕೇಂದ್ರದ ಕೈ ಬಲಪಡಿಸಿದ ನೋ ಚೈಲ್ಡ್ ಲೆಫ್ಟ್ ಬಿಹೈಂಡ್, ಅದೇ ವರ್ಷ, 381–41: ಹೌದು, ಬೇಡ. ಇರಾಕ್ ಮೇಲೆ ಬಲಪ್ರಯೋಗದ ಅಧಿಕಾರ, 2002ರ ಅಕ್ಟೋಬರ್, 296–133: ಹೌದು, ಬೇಡ. ಅಂದು ವಿರೋಧಿಸಿದ ರಿಪಬ್ಲಿಕನ್ನರು ಆರೇ ಮಂದಿ. ಹಿರಿಯರಿಗೆ ಸರ್ಕಾರಿ ಔಷಧ ವಿಮೆ, 2003ರ ನವೆಂಬರ್ 22, 220–215: ಹೌದು, ಬೇಡ. ಸಾಮಾನ್ಯವಾಗಿ 15 ನಿಮಿಷದ ಆ ಮತದಾನವನ್ನು, ಸಂಖ್ಯೆ ಕೂಡಿಬರುವವರೆಗೆ, ನಸುಕಿನಲ್ಲಿ ಸುಮಾರು ಮೂರು ಗಂಟೆ ತೆರೆದಿಟ್ಟಿದ್ದರು. ಪಕ್ಷದ ಒತ್ತಡ ಎಂದರೇನು ಎಂದು ತಿಳಿಯಬೇಕಾದರೆ ಆ ರಾತ್ರಿಯ ವರದಿಗಳನ್ನು ಓದಬೇಕು. ಮದುವೆ ಎಂದರೆ ಗಂಡು-ಹೆಣ್ಣಿನ ನಡುವೆ ಮಾತ್ರ ಎಂದು ಸಂವಿಧಾನಕ್ಕೆ ಸೇರಿಸುವ ತಿದ್ದುಪಡಿ, 2004: ರಾಯನ್ ಹೌದು, ರಾನ್ ಪಾಲ್ ಬೇಡ.

ಈ ಐದರಲ್ಲೂ ಪಕ್ಷದ ಬಹುಮತ ತತ್ವದ ಎದುರು ನಿಂತಿತ್ತು. ರಾಯನ್ ಐದರಲ್ಲೂ ಪಕ್ಷದೊಡನೆ ಹೋದರು. 'ಪಕ್ಷನಿಷ್ಠ ರಿಪಬ್ಲಿಕನ್' ಎಂದು ಷರಾ ಬರೆದು ಮುಗಿಸಬಹುದು ಎನಿಸುತ್ತದೆ. ಆದರೆ 2008 ಬಂದಾಗ ಚಿತ್ರ ಬದಲಾಗುತ್ತದೆ.

ಬ್ಯಾಂಕುಗಳನ್ನು ಉಳಿಸುವ 70,000 ಕೋಟಿ ಡಾಲರ್‌ನ ಮಸೂದೆ ಸೆಪ್ಟೆಂಬರ್ 29ರಂದು 205–228ರಲ್ಲಿ ಸೋತಿತು, ಅಕ್ಟೋಬರ್ 3ರಂದು 263–171ರಲ್ಲಿ ಗೆದ್ದಿತು. ಎರಡೂ ಸಲ ರಿಪಬ್ಲಿಕನ್ನರ ಬಹುಮತ ವಿರೋಧವಾಗಿತ್ತು; ಎರಡನೆಯ ಸಲ 91 ಪರ, 108 ವಿರೋಧ. ರಾಯನ್ ಎರಡೂ ಸಲ ಪರ, ರಾನ್ ಪಾಲ್ ಎರಡೂ ಸಲ ವಿರೋಧ. ಡಿಸೆಂಬರ್‌ನಲ್ಲಿ ಕಾರು ಕಂಪನಿಗಳಿಗೆ ಸಾಲ ಕೊಡುವ ಮಸೂದೆ ಬಂತು, 237–170. ಪರವಾಗಿದ್ದ ರಿಪಬ್ಲಿಕನ್ನರು ಬರೀ 32, ಅವರಲ್ಲಿ ರಾಯನ್ ಒಬ್ಬರು. ಅಂದರೆ ಇಲ್ಲಿ ಅವರು ಪಕ್ಷದ ಬಹುಮತವನ್ನು ಎದುರು ಹಾಕಿಕೊಂಡರು, ಆದರೆ ತತ್ವದ ಕಡೆಗಲ್ಲ. ಏಕೆ? ಎರಡಕ್ಕೂ ಬುಷ್ ಆಡಳಿತದ ಒತ್ತಾಸೆ ಇತ್ತು. ಜೊತೆಗೆ ರಾಯನ್ ಅವರ ಹುಟ್ಟೂರು ಜೇನ್ಸ್‌ವಿಲ್‌ನಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆ ಇತ್ತು, ಅದೇ ಡಿಸೆಂಬರ್‌ನಲ್ಲಿ ಅಲ್ಲಿ ಕಾರು ತಯಾರಿ ನಿಂತಿತು. ಕ್ಷೇತ್ರದ ಜನರ ಕೆಲಸ ಹೋಗುತ್ತಿರುವಾಗ ಸದಸ್ಯರೊಬ್ಬರು ಹಾಕಿದ ಮತವನ್ನು ನಾನು ಹೀಗಳೆಯಲಾರೆ. ಆದರೆ ಲೆಕ್ಕದಲ್ಲಿ ಅದನ್ನು ಲೆಕ್ಕದಂತೆಯೇ ಬರೆಯಬೇಕು, ಪಕ್ಕದಲ್ಲಿ 'ಕ್ಷೇತ್ರದ ಹಿತ' ಎಂದು ಟಿಪ್ಪಣಿ ಹಾಕಬೇಕು. ಈ ಟಿಪ್ಪಣಿಗಳು ಕೂಡುತ್ತ ಹೋದಂತೆ ವ್ಯಕ್ತಿಯ ಚಿತ್ರ ಸ್ಪಷ್ಟವಾಗುತ್ತದೆ.

ಇನ್ನೆರಡು ಮತಗಳು 'ವಿವಾದಿತ' ಹಾಳೆಗೆ. ಮಧ್ಯ ಅಮೆರಿಕದ ದೇಶಗಳೊಡನೆ ವ್ಯಾಪಾರ ಒಪ್ಪಂದ, 2005, 217–215: ರಾಯನ್ ಹೌದು, ರಾನ್ ಪಾಲ್ ಬೇಡ. ಸುಂಕ ಇಳಿಯಿತಲ್ಲ ಎನ್ನುವವರಿಗೆ ರಾಯನ್ ಸರಿ. ಸಾವಿರ ಪುಟದ ಒಪ್ಪಂದ ಮುಕ್ತ ವ್ಯಾಪಾರವೇ ಅಲ್ಲ, ನಿರ್ವಹಿತ ವ್ಯಾಪಾರ ಎನ್ನುವವರಿಗೆ ರಾನ್ ಪಾಲ್ ಸರಿ. ಉದ್ಯೋಗದಲ್ಲಿ ಸಲಿಂಗಿಗಳ ವಿರುದ್ಧ ತಾರತಮ್ಯ ನಿಷೇಧಿಸುವ ಮಸೂದೆ, 2007, 235–184: ರಾಯನ್ ಪಕ್ಷದ ವಿರುದ್ಧ ಹೌದೆಂದ 35 ರಿಪಬ್ಲಿಕನ್ನರಲ್ಲಿ ಒಬ್ಬರು. ವ್ಯಕ್ತಿಯ ಘನತೆಯ ಕಡೆಯಿಂದ ನೋಡಿದರೆ ಒಂದು ಉತ್ತರ, ಖಾಸಗಿ ಮಾಲೀಕರ ಕರಾರು ಸ್ವಾತಂತ್ರ್ಯದ ಕಡೆಯಿಂದ ನೋಡಿದರೆ ಇನ್ನೊಂದು.

ಹಂತ 8: ಹೋಲಿಕೆಗೆ ಇಟ್ಟವರನ್ನೂ ಅದೇ ಕೋಲಿನಿಂದ ಅಳೆಯಿರಿ

ರಾನ್ ಪಾಲ್ ಎಂದರೆ ತಕ್ಕಡಿಯ ಕಲ್ಲು ಎಂದು ಕೂರಿಸಿಬಿಟ್ಟರೆ ಅಳತೆಯೇ ಕೆಡುತ್ತದೆ. 2001ರ ಸೆಪ್ಟೆಂಬರ್ ದಾಳಿಯ ನಂತರ ಅಧ್ಯಕ್ಷರಿಗೆ ಬಲಪ್ರಯೋಗದ ಅಧಿಕಾರ ಕೊಟ್ಟ ನಿರ್ಣಯ 420–1ರಲ್ಲಿ ಗೆದ್ದಾಗ ಆ ಒಬ್ಬರು ಕ್ಯಾಲಿಫೋರ್ನಿಯಾದ ಡೆಮಾಕ್ರಾಟ್ ಬಾರ್ಬರಾ ಲೀ. ರಾನ್ ಪಾಲ್ ಹೌದೆಂದವರ ಜೊತೆಗಿದ್ದರು. 2006ರಲ್ಲಿ ಮೆಕ್ಸಿಕೊ ಗಡಿಗೆ ಬೇಲಿ ಹಾಕುವ ಮಸೂದೆಗೂ ಹೌದೆಂದರು. ತಮ್ಮ ಕ್ಷೇತ್ರಕ್ಕೆ ನಿರ್ದಿಷ್ಟ ಕಾಮಗಾರಿಗಳ ಹಣವನ್ನು ಮಸೂದೆಗೆ ಸೇರಿಸಿ, ನಂತರ ಅದೇ ಮಸೂದೆಗೆ 'ಬೇಡ' ಎನ್ನುತ್ತಿದ್ದರು. ಸಂಗ್ರಹವಾದ ತೆರಿಗೆ ಹೇಗೂ ಖರ್ಚಾಗುತ್ತದೆ, ನನ್ನ ಜನರ ಪಾಲು ಅವರಿಗೆ ಬರಲಿ ಎಂಬುದು ಅವರ ವಾದ. ಮಸೂದೆ ಹೇಗೂ ಪಾಸಾಗುತ್ತದೆ ಎಂಬ ಖಾತರಿ ಇದ್ದಾಗ ಆ ವಿರೋಧದ ಮತಕ್ಕೆ ಬೆಲೆ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಮತದಾನದ ದಾಖಲೆಯಲ್ಲಿ ಇದು ಕಾಣುವುದೇ ಇಲ್ಲ. ಅನುದಾನದ ಕೋರಿಕೆಗಳನ್ನು, ಸಹಪ್ರಾಯೋಜಕತ್ವವನ್ನು ಬೇರೆಯಾಗಿ ನೋಡಬೇಕು.

ಎಡಗಡೆಯಲ್ಲೂ ಹುಡುಕಿ. ಫೈನ್‌ಗೋಲ್ಡ್ ಪೇಟ್ರಿಯಟ್ ಕಾಯ್ದೆ, ಇರಾಕ್ ಯುದ್ಧ, ಬ್ಯಾಂಕ್ ನೆರವು ಮೂರನ್ನೂ ವಿರೋಧಿಸಿದರು. ಅವರೇ ಚುನಾವಣಾ ಹಣದ ಮೇಲೆ ನಿರ್ಬಂಧ ತಂದ 2002ರ ಕಾನೂನಿನ ಜನಕರಲ್ಲಿ ಒಬ್ಬರು, ಒಬಾಮ ಆರೋಗ್ಯ ಕಾನೂನಿಗೂ ಹೌದೆಂದವರು. ಮೂರು ಮತ್ತು ನಾಲ್ಕನೆಯ ಬುಟ್ಟಿಯಲ್ಲಿ ರಾಯನ್ ಅವರಿಗಿಂತ ಎಷ್ಟೋ ಮೇಲೆ, ಮೊದಲ ಬುಟ್ಟಿಯಲ್ಲಿ ಕೆಳಗೆ. ಇವರಿಬ್ಬರಿಗೂ ಒಂದೇ ಸರಾಸರಿ ಅಂಕ ಕೊಟ್ಟು 'ಸಮ' ಎಂದರೆ ಅದರಲ್ಲಿ ಏನು ಅರ್ಥ ಉಳಿಯಿತು?

ಹಂತ 9: ಬರೆಯುವ ಕ್ರಮ

ಒಂದೇ ಶೇಕಡಾವಾರು ಬರೆಯಬೇಡಿ. ನಾಲ್ಕು ಬುಟ್ಟಿಗಳ ಅಂಕ ಬೇರೆಬೇರೆ. ಪ್ರತಿಯೊಂದರ ಪಕ್ಕ ಪಕ್ಷದ ಹಿಂದೆ ಹೋಗಿದ್ದರೆ ಎಷ್ಟು ಬರುತ್ತಿತ್ತು ಎಂಬ ಸಂಖ್ಯೆ. ಕೆಳಗೆ ಪಕ್ಷ-ತತ್ವ ಬೇರೆಯಾದ ಮತಗಳ ಲೆಕ್ಕ. ಕೊನೆಗೆ 'ವಿವಾದಿತ' ಹಾಳೆ ಮತ್ತು ದಾಖಲೆಯಿಲ್ಲದ ಮತಗಳ ಪಟ್ಟಿ. ಆರಿಸಿದ ಎಲ್ಲ ಮತಗಳ ಕ್ರಮಸಂಖ್ಯೆಯನ್ನೂ ಕೊಡಿ. ನಿಮ್ಮ ತೀರ್ಪನ್ನು ಒಪ್ಪದವರು ಅದೇ ಪಟ್ಟಿ ಹಿಡಿದು ತಾವೇ ಎಣಿಸಿ ನೋಡುವಂತಿರಬೇಕು.

ಪಟ್ಟಿಯನ್ನು ಪ್ರಕಟಿಸುವ ಮೊದಲು ಆ ರಾಜಕಾರಣಿಯನ್ನು ಮೆಚ್ಚುವ ಒಬ್ಬರಿಗೆ, ಮೆಚ್ಚದ ಒಬ್ಬರಿಗೆ ಕೊಡಿ, ಹೆಸರು ಮತ್ತು ಅಂಕ ಮರೆಮಾಡಿ ಮಸೂದೆಗಳನ್ನು ಮಾತ್ರ. ಯಾವ ಮತ ತತ್ವಕ್ಕೆ ಹೊಂದುತ್ತದೆ, ಯಾವುದು ಇಲ್ಲ ಎಂದು ಅವರೇ ಗುರುತು ಹಾಕಲಿ. ಇಬ್ಬರ ಗುರುತೂ ನಿಮ್ಮದರೊಡನೆ ಕೂಡಿದ ಮತಗಳನ್ನು ಮುಖ್ಯ ಲೆಕ್ಕದಲ್ಲಿ ಉಳಿಸಿ. ಉಳಿದವನ್ನು ಐದನೆಯ ಹಾಳೆಗೆ ದಾಟಿಸಿ, ಮತ್ತೆ ಎಣಿಸಿ.